ಎಡಗಡೆಯ ಕೇಬಲ್

ಊಟದ ಮೇಜಿನ ಮೇಲೆ ಏಳು ತುಂಡು ಕೇಬಲ್ ಸಾಲಾಗಿ ಬಿದ್ದಿದ್ದವು. ಒಂದೊಂದೂ ಸರಿಯಾಗಿ ನಾಲ್ಕು ಮೀಟರ್, ಅಚ್ಚುಕಟ್ಟಾಗಿ ಮಡಚಿದ್ದು. ಪ್ರತಿಯೊಂದರ ತುದಿಗೂ ಬಿಳಿ ಟೇಪು ಸುತ್ತಿ, ಅದರ ಮೇಲೆ ಅಂಗಡಿ, ತಾರೀಖು, ತಂತಿಯ ಗೇಜು ಇಷ್ಟನ್ನೂ ಅಣವೀರಪ್ಪನವರು ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದರು. ಹದಿನಾರು ಗೇಜಿನವು ಮೂರು, ಹದಿನಾಲ್ಕರವು ಮೂರು, ಹನ್ನೆರಡರದು ಒಂದು. ಗೇಜಿನ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. ಹನ್ನೆರಡರದು ಕಿರುಬೆರಳಿನ ಗಾತ್ರವಿತ್ತು.

"ರೊಟ್ಟಿ ಎಲ್ಲಿ ಇಡ್ಲಿ? ಇದು ಊಟದ ಟೇಬಲ್ಲೋ, ನಿಮ್ಮ ಎಕ್ಸ್‌ಚೇಂಜೋ?" ಎಂದು ರುಕ್ಮಿಣಿಬಾಯಿ ತಟ್ಟೆ ಹಿಡಿದುಕೊಂಡು ಕೇಳಿದರು.

"ಹಾಂ?"

ಅವರು ಮೇಜನ್ನು ಸುತ್ತು ಹಾಕಿ ಗಂಡನ ಬಲಗಡೆಗೆ ಬಂದು ನಿಂತರು. "ರೊಟ್ಟಿ ಅಂದೆ, ರೊಟ್ಟಿ. ಹಗ್ಗ ತಿಂತೀರೇನು?"

"ಹಗ್ಗಲ್ಲ ಇದು. ಆಮ್ಲಜನಕ ತೆಗದ ತಾಮ್ರ."

"ಉಸಿರ ತೆಗದದ್ದು ಅನ್ರಿ. ಸರಸ್ರಿ ಆಕಡೆ."

ಅಣವೀರಪ್ಪನವರು ಸರಿಸಿದರು. ಆದರೆ ಕ್ರಮ ತಪ್ಪದಂತೆ ಒಂದೊಂದನ್ನೇ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಅದೇ ಸಾಲಿನಲ್ಲಿ ಇಟ್ಟರು. ಅವರ ಸ್ವಭಾವವೇ ಅದು. ಬೈಲಹೊಂಗಲದಿಂದ ಇಪ್ಪತ್ಮೂರನೇ ವಯಸ್ಸಿನಲ್ಲಿ ಮುಂಬಯಿಗೆ ಬಂದವರು, ಫೋರ್ಟ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿದ್ದರು. ಅದರಲ್ಲಿ ಇಪ್ಪತ್ತೆಂಟು ವರ್ಷ ಕಳೆದದ್ದು ದೂರುಗಳನ್ನು ಪರೀಕ್ಷಿಸುವ ಟೆಸ್ಟ್ ಡೆಸ್ಕಿನಲ್ಲಿ. ಎಡಗಿವಿಗೆ ಹೆಡ್‌ಸೆಟ್, ಬಲಗೈಯಲ್ಲಿ ಪೆನ್ನು. ಲೈನಿನಲ್ಲಿ ಬರುವ ಗೊರಗೊರ ಸದ್ದು ಕೇಳಿಯೇ ನೀರು ಹೊಕ್ಕದ್ದು ತಂತಿಯ ಜಾಯಿಂಟಿಗೋ ರಸ್ತೆಬದಿಯ ಕ್ಯಾಬಿನೆಟ್ಟಿಗೋ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಅದು ನಿಜವಾಗುತ್ತಿತ್ತು. ಡೆಸ್ಕಿಗೆ ಹೊಸದಾಗಿ ಬಂದವರಿಗೆ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠ: ದೂರು ಕೊಟ್ಟವನನ್ನು ಅನುಮಾನಿಸಬೇಡ, ಲೈನನ್ನು ಅನುಮಾನಿಸು.

ನಿವೃತ್ತರಾದ ವರ್ಷ ಗೋರೆಗಾಂವ್ ಪೂರ್ವದ ಈ ಎರಡನೇ ಮಹಡಿಯ ಮನೆಗೆ ಒಂದು ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್ ತಂದಿದ್ದರು. ಸಿನಿಮಾದ ಅಬ್ಬರಕ್ಕಲ್ಲ, ಗಾಯನ ಕೇಳುವುದಕ್ಕೆ. ಗಾಯಕ ಎರಡು ಸ್ಪೀಕರುಗಳ ನಟ್ಟನಡುವೆ ಕೂತು ಹಾಡಿದಂತೆ ಕೇಳಬೇಕು, ತಬಲಾ ಒಂದು ಕೈ ಅತ್ತ, ಹಾರ್ಮೋನಿಯಂ ಒಂದು ಕೈ ಇತ್ತ. ಎಂಟು ವರ್ಷ ಹಾಗೇ ಕೇಳುತ್ತಿತ್ತು. ಆಮೇಲೆ ಒಂದು ದಿನ ಗಾಯಕ ಬಲಕ್ಕೆ ಸರಿದು ಕೂತ. ದಿನ ಕಳೆದಂತೆ ಇನ್ನಷ್ಟು ಸರಿದ. ಎಡಗಡೆಯ ಸ್ಪೀಕರಿನಲ್ಲಿ ತಂಬೂರಿಯ ಜೇಂಕಾರವೇ ಇಲ್ಲ, ಬಟ್ಟೆ ಹೊದಿಸಿದಂತೆ ಮಂಕು. ಅಣವೀರಪ್ಪನವರು ಆಂಪ್ಲಿಫೈಯರಿನ ಬ್ಯಾಲೆನ್ಸ್ ನಾಬನ್ನು ಎಡಕ್ಕೆ ತಿರುಗಿಸಿದರು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಅದು ಹನ್ನೆರಡರಿಂದ ಹನ್ನೊಂದು ಗಂಟೆಗೆ ಬಂತು, ಆಮೇಲೆ ಹತ್ತಕ್ಕೆ. ಕೇಬಲ್ ಕೆಟ್ಟಿದೆ ಎಂದು ನಿರ್ಧರಿಸಿ ಹೊಸದನ್ನು ಆರಿಸಲು ಹೊರಟರು. ಗ್ರಾಂಟ್ ರೋಡಿನಿಂದ ಮಲಾಡ್‌ವರೆಗೆ ಸಿಕ್ಕ ಏಳು ಬಗೆಯನ್ನು ತಂದು ನೋಡಿದ್ದಾಯಿತು. ಯಾವುದನ್ನು ಜೋಡಿಸಿದರೂ ಎಡ ಮಂಕೇ.

ಮೊಬೈಲೂ ಕೈಕೊಡುತ್ತಿತ್ತು. ಎರಡು ವರ್ಷದಲ್ಲಿ ಎರಡು ಕಂಪನಿ ಬದಲಾಯಿಸಿದ್ದರು. ಈಗ ಯಾರ ಫೋನು ಬಂದರೂ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟೇ ಮಾತು.

ಮನೆಯೊಳಗಿನ ಮಾತಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಣವೀರಪ್ಪನವರು 'ನಾದಾಂಗಳ' ಬಳಗದ ಕಿವಿ. ಗೋರೆಗಾಂವ್, ಮಲಾಡ್ ಸುತ್ತಿನ ನೂರಿಪ್ಪತ್ತು ಕನ್ನಡ ಮನೆಗಳ ಈ ಬಳಗ ತಿಂಗಳಿಗೊಂದು ಗಾಯನ ಇಡುತ್ತಿತ್ತು. ಶಾಲೆಯ ಹಾಲ್, ಬಾಡಿಗೆಗೆ ಮುರ್ತುಜಾನ ಸೌಂಡ್ ಸಾಮಾನು, ದನಿಗಳನ್ನು ಹದಗೊಳಿಸುವ ಮಿಕ್ಸರ್ ಮುಂದೆ ಅಣವೀರಪ್ಪನವರು. ಹತ್ತು ವರ್ಷದಿಂದ ಇದೇ ಏರ್ಪಾಡು. ಅವರು ಕುಳಿತರೆ ಗಾಯಕರಿಗೂ ಧೈರ್ಯ.

ಕಳೆದ ತಿಂಗಳ ಕಾರ್ಯಕ್ರಮದಲ್ಲಿ ಎಡಗಡೆಯ ಸ್ಪೀಕರ್ ಅವರಿಗೆ ಮನೆಯಲ್ಲಿ ಕೇಳಿದಂತೆಯೇ ಮಂಕಾಗಿ ಕೇಳಿತು. ಎಡದ ಗುಂಡಿಯನ್ನು ಮೇಲಕ್ಕೆ ತಳ್ಳಿದರು. ಸಾಲಲಿಲ್ಲ, ಇನ್ನೊಂದಿಷ್ಟು ತಳ್ಳಿದರು. ಭುವನೇಶ್ವರಿ ಎಂಬ ಹುಡುಗಿ ಕಣ್ಣು ಮುಚ್ಚಿ ವಚನ ಹಾಡುತ್ತಿದ್ದಳು. ಎಡಸಾಲಿನ ಹೆಂಗಸರು ಕಿವಿ ಮುಚ್ಚಿಕೊಂಡರು. ಮರುಕ್ಷಣ ಆ ಸ್ಪೀಕರ್ ಉದ್ದಕ್ಕೆ ಚೀರಿತು. ಹಾಡು ನಿಂತಿತು. ಭುವನೇಶ್ವರಿ ಮತ್ತೆ ಶುರುಮಾಡಲಿಲ್ಲ.

ಆಗ ಅಣವೀರಪ್ಪನವರು ಎದ್ದು ನಿಂತು ಎಲ್ಲರ ಎದುರು ಹೇಳಿದರು: "ಎಡಗಡೆ ವಯರ್ ಖೊಟ್ಟಿ ಐತಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಬಣ್ಣ ಹೊಡದದ್ದು. ನಾ ಏನ್ ಮಾಡ್ಲಿ?"

ಅವರು ಆ ವಯರನ್ನು ಕೆರೆದು ನೋಡಿರಲಿಲ್ಲ. ಪೇಟೆಯಲ್ಲಿ ಅಂಥ ಮಾಲು ಬೇಕಾದಷ್ಟಿದೆ ಎಂಬುದಂತೂ ನಿಜ. ವೇದಿಕೆಯ ಪಕ್ಕ ನಿಂತಿದ್ದ ಮುರ್ತುಜಾ ಬಗ್ಗಿ ವಯರ್ ಸುತ್ತತೊಡಗಿದ್ದ.

ಬಳಗದ ಕಾರ್ಯದರ್ಶಿ ಚೆನ್ನಯ. ಅವರದು ಫೋರ್ಟ್‌ನಲ್ಲಿ ಉಡುಪಿ ಹೋಟೆಲು, ಎಕ್ಸ್‌ಚೇಂಜಿನ ಕಾಲದಿಂದ ಪರಿಚಯ. ಮುಂದಿನ ವರ್ಷದ ಹನ್ನೆರಡು ಕಾರ್ಯಕ್ರಮಗಳ ಸೌಂಡ್ ಯಾರಿಗೆ ಎಂದು ಶನಿವಾರ ಸಂಜೆ ಕಮಿಟಿ ತೀರ್ಮಾನಿಸಬೇಕಿತ್ತು. ಅವರು ಫೋನು ಮಾಡಿ, "ಬಾಯಿಮಾತಲ್ಲಿ ಹೇಳಿ ಒಬ್ಬನನ್ನು ತೆಗೆಯುವುದು ಸರಿಯಲ್ಲ ಮಾರಾಯ್ರೆ. ನೀವು ಎರಡು ಸಾಲು ಬರೆದು ಕೊಡಿ. ನೀವು ಬರೆದ ಮೇಲೆ ಯಾರೂ ಎಂತ ಮಾತಾಡುವುದಿಲ್ಲ," ಎಂದಿದ್ದರು.

ಬುಧವಾರ ಮಧ್ಯಾಹ್ನ, ರೊಟ್ಟಿ ಮುಗಿದು ಕೇಬಲ್ಲುಗಳು ಮತ್ತೆ ಮೇಜಿಗೆ ಬರುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಮುರ್ತುಜಾ ನಿಂತಿದ್ದ, ಎರಡು ಹೆಗಲಿಗೂ ಒಂದೊಂದು ವಯರ್ ಸುರುಳಿ. ಇಂಡಿ ಕಡೆಯವನು, ನಲವತ್ತೈದರ ಆಸುಪಾಸು, ಮಲಾಡ್‌ನಲ್ಲಿ ಗೂಡಿನಷ್ಟು ಅಂಗಡಿ.

"ಒಳಗ ಬರಬಹುದೇನ್ರಿ ಸರ? ಖೊಟ್ಟಿ ವಯರ್ ತಗೊಂಡು ಬಂದೀನಿ."

ಅಣವೀರಪ್ಪನವರು ಬಾಗಿಲ ಚಿಲಕ ಹಿಡಿದೇ ನಿಂತರು. ಒಳಗಿನಿಂದ ರುಕ್ಮಿಣಿಬಾಯಿಯೇ, "ಬಾರಪ್ಪಾ, ಬಾ. ನಮ್ಮ ಮನ್ಯಾಗ ಅದೊಂದು ಬಾಕಿ ಇತ್ತು," ಎಂದರು.

ಅವನು ಚಪ್ಪಲಿ ಬಿಟ್ಟು ಬಂದು ಸುರುಳಿಗಳನ್ನು ನೆಲದ ಮೇಲಿಟ್ಟ. "ಹಾಲ್‌ನಾಗ ಹಾಕಿದ್ದು ಇವ. ಹಸಿರು ಟೇಪಿಂದು ಎಡದ್ದು, ಹಳದಿದು ಬಲದ್ದು. ಅವತ್ತಿಂದ ಬಿಚ್ಚಿಲ್ಲ, ಅಲ್ಲಾನ ಆಣೆ. ಬ್ಲೇಡ್ ಕೊಡ್ರಿ."

ಬ್ಲೇಡು ಬಂತು. ಮುರ್ತುಜಾ ಹಸಿರು ಟೇಪಿನ ವಯರಿನ ತುದಿ ಸುಲಿದು, ಎಳೆಗಳನ್ನು ಬೆರಳಿನ ಮೇಲೆ ಹರಡಿ, ಒಂದೊಂದನ್ನೇ ಕೆರೆದ. ಖೊಟ್ಟಿ ಮಾಲಾಗಿದ್ದರೆ ಕೆಂಪಿನ ಕೆಳಗೆ ಬೆಳ್ಳಗೆ ಹೊಳೆಯಬೇಕು. ಕೆರೆದಷ್ಟೂ ಕೆಂಪೇ ಬಂತು. ಅಣವೀರಪ್ಪನವರು ಕನ್ನಡಕ ಏರಿಸಿ ನೋಡಿ, ತಾವೇ ಇನ್ನೆರಡು ಎಳೆ ಕೆರೆದರು.

"ತಾಮ್ರ," ಎಂದರು.

"ತಾಮ್ರ ಅಲ್ಲ ಅಂತ ನಾನೆಲ್ಲಿ ಅಂದಿದ್ದೆ?"

"ತಾಮ್ರ ಇದ್ದರೂ ಒಳಗ ಎಲ್ಯಾದ್ರೂ ಎಳಿ ಹರದಿರಬಹುದು. ತಡಿ, ಲೂಪ್ ನೋಡೂನು."

ಲೂಪ್ ಎಂದರೆ ಎಕ್ಸ್‌ಚೇಂಜಿನ ಭಾಷೆ. ವಯರಿನ ದೂರದ ತುದಿಯಲ್ಲಿ ಎರಡು ತಂತಿಗಳನ್ನು ಕೂಡಿಸಿ, ಈ ತುದಿಯಿಂದ ಇಡೀ ಸುತ್ತಿನ ಪ್ರತಿರೋಧ ಅಳೆಯುವುದು. ಅಣವೀರಪ್ಪನವರು ಕಪಾಟಿನಿಂದ ಮಲ್ಟಿಮೀಟರ್ ತೆಗೆದರು. ಮೊದಲು ಮೀಟರಿನ ಎರಡು ಮೊನೆಗಳನ್ನೇ ಕೂಡಿಸಿ ನೋಡಿದರು: ಸೊನ್ನೆ ಪಾಯಿಂಟ್ ಎರಡು ಓಮ್. ಅದು ಮೀಟರಿನ ಸ್ವಂತದ್ದು, ಕಳೆಯಬೇಕು. ಹಸಿರು ಟೇಪಿನದು ಪಾಯಿಂಟ್ ಐದು ತೋರಿಸಿತು. ಹಳದಿಯದೂ ಪಾಯಿಂಟ್ ಐದೇ. ಮೀಟರಿನದು ಕಳೆದರೆ ಪಾಯಿಂಟ್ ಮೂರು. ಇಪ್ಪತ್ತು ಮೀಟರಿನ ಹದಿನಾಲ್ಕು ಗೇಜಿಗೆ ಇಷ್ಟೇ ಇರಬೇಕಾದದ್ದು. ಎಂಟು ಓಮಿನ ಸ್ಪೀಕರಿಗೆ ಇದು ಲೆಕ್ಕಕ್ಕಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಸಾವಿರ ಓಮ್ ದಾಟಿಯೂ ಮಾತು ಕೊಲಾಬಾದಿಂದ ಫೋರ್ಟ್‌ಗೆ ಬರುತ್ತಿದ್ದುದನ್ನು ಕಂಡವರು.

"ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ ಸರ," ಮುರ್ತುಜಾ ಮೆಲ್ಲಗೆ ಹೇಳಿದ. "ವಯರ್ ಖೊಟ್ಟಿ ಇದ್ದರ ದನಿ ಕಡಿಮಿ ಬರತದ. ಚೀರತದೇನ್ರಿ? ಅವತ್ತು ಎಡದ್ದು ಚೀರಿತಲ್ಲ."

ಅಣವೀರಪ್ಪನವರು ಮೀಟರನ್ನು ಬದಿಗಿಟ್ಟರು. "ಹಂಗಾರ ಇಲ್ಲೇ ಹಚ್ಚಿ ನೋಡೂನು. ನನ್ನ ಸ್ಪೀಕರ್‌ದಾಗೂ ಇದೇ ರೋಗ ಐತಿ."

ಮುರ್ತುಜಾ ಆಂಪ್ಲಿಫೈಯರ್ ಮುಂದೆ ಮೊಣಕಾಲೂರಿದ. ಬ್ಯಾಲೆನ್ಸ್ ನಾಬು ಹತ್ತು ಗಂಟೆಯಲ್ಲಿ ನಿಂತದ್ದನ್ನು ಕಂಡು ಒಮ್ಮೆ ತಿರುಗಿ ನೋಡಿ, ಏನೂ ಹೇಳದೆ ಹನ್ನೆರಡಕ್ಕೆ ತಂದ. ಮೊಬೈಲಿನಲ್ಲಿ ತಂಬೂರಿ ಹಚ್ಚಿ, ಎರಡೂ ಸ್ಪೀಕರಿಗೆ ಒಂದೇ ದನಿ ಹೋಗುವಂತೆ ಮಾಡಿದ. ಅಣವೀರಪ್ಪನವರು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

"ಯಾವ ಕಡೆ ಮಂಕು ಅದರಿ?"

"ಎಡ."

ಮುರ್ತುಜಾ ಎಡದ ಹಳೆಯ ಕೇಬಲ್ ಬಿಚ್ಚಿ ಹಸಿರು ಟೇಪಿನದನ್ನು ಜೋಡಿಸಿದ. "ಈಗ?"

"ಎಡ. ನೋಡಿದ್ಯಾ? ನಿನ್ನ ವಯರ್ ಹಾಕಿದರೂ ಎಡ."

"ತಡೀರಿ." ಈ ಸಲ ಆಂಪ್ಲಿಫೈಯರಿನ ಹಿಂದೆ ಎಡದ ವಯರನ್ನು ಬಲದ ತೂತಿಗೆ, ಬಲದ್ದನ್ನು ಎಡಕ್ಕೆ ಹಾಕಿದ. ದೋಷ ಆಂಪ್ಲಿಫೈಯರಿನದಾಗಿದ್ದರೆ ಮಂಕು ಈಗ ಬಲಕ್ಕೆ ಹಾರಬೇಕು. "ಈಗ?"

"ಎಡ."

ಮುರ್ತುಜಾ ಎದ್ದು ನಿಂತು ಸೊಂಟ ನೀವಿಕೊಂಡ. ಆಮೇಲೆ ಎಡದ ಸ್ಪೀಕರನ್ನೇ ಅಪ್ಪಿ ಎತ್ತಿ ಬಲಗಡೆಯ ಸ್ಟ್ಯಾಂಡಿಗೆ ಒಯ್ದ. ಬಲದ್ದನ್ನು ಎಡಕ್ಕೆ ತಂದ. ವಯರ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವೂ ಜಾಗ ಬದಲಾಯಿಸಿದ್ದವು. ಈ ಕೋಣೆಯಲ್ಲಿ ಜಾಗ ಬದಲಾಯಿಸದ ವಸ್ತು ಇನ್ನೊಂದೇ ಉಳಿದಿತ್ತು. ಅದು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿತ್ತು.

"ಈಗ್ರಿ ಸರ?"

"ಎಡ," ಎಂದರು ಅಣವೀರಪ್ಪನವರು, ಗೆದ್ದವರ ದನಿಯಲ್ಲಿ.

ಕಣ್ಣು ತೆರೆದು ನೋಡಿದರೆ ಮುರ್ತುಜಾ ಅವರನ್ನು ನೋಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತ ರುಕ್ಮಿಣಿಬಾಯಿಯನ್ನು ನೋಡುತ್ತಿದ್ದ. ಅವರು ದೃಷ್ಟಿ ತಗ್ಗಿಸಿದರು.

ಮುರ್ತುಜಾ ಸ್ಪೀಕರುಗಳನ್ನು ಮೊದಲಿನ ಜಾಗಕ್ಕೆ ತಂದಿಟ್ಟ. ಹಳೆಯ ಕೇಬಲ್ಲುಗಳನ್ನೇ ಮತ್ತೆ ಜೋಡಿಸಿದ. ತನ್ನ ವಯರನ್ನು ಮೊಣಕೈಗೆ ಸುತ್ತುತ್ತ, ಬಂದಾಗಿನ ಆ ಕೊಂಕು ಒಂಚೂರೂ ಇಲ್ಲದ ದನಿಯಲ್ಲಿ, "ಹೋಗ್ಲಿ ಬಿಡ್ರಿ ಸರ. ವಯರಿನಾಗೇ ಏನೋ ಇರಬಹುದು. ನಮ್ಮ ಕಣ್ಣಿಗೆ ಕಾಣೂದಿಲ್ಲ ಒಮ್ಮೊಮ್ಮೆ. ಕಮಿಟ್ಯಾಗ ನೀವು ಹೇಳಿದ್ದೇ ಇರಲಿ," ಎಂದ.

"ಅಂದ್ರ? ವಯರ್ ಸರಿ ಐತಿ ಅಂತ ಜಗಳಕ್ಕ ಬಂದಾಂವ ನೀ."

"ಜಗಳ ಎಲ್ಲಿದ್ರಿ. ದೊಡ್ಡವರು ನೀವು." ಮುರ್ತುಜಾ ಅಡುಗೆಮನೆಯತ್ತ ತಿರುಗಿದ. "ಅಕ್ಕಾರ, ಚಹಾ ಒಳಗೇ ಕುಡೀತೀನ್ರಿ. ಇಲ್ಲಿ ಕೈಯೆಲ್ಲಾ ಧೂಳ ಆಗ್ಯಾವ."

ಅವನು ಒಳಗೆ ಹೋದ. ನಲ್ಲಿಯ ಸದ್ದು ಕೇಳಿಸಿತು. ಅಣವೀರಪ್ಪನವರು ಕುರ್ಚಿಯಲ್ಲೇ ಕೂತಿದ್ದರು. ತಂಬೂರಿ ತನ್ನ ಪಾಡಿಗೆ ಮಿಡಿಯುತ್ತಿತ್ತು. ಜಗಳಕ್ಕೆ ಬಂದವನು ಯಾಕೆ ಹೀಗೆ ಸೋಲೊಪ್ಪಿಕೊಂಡ? ಈ ದನಿಯನ್ನು ತಾವು ಹಿಂದೆ ಎಲ್ಲೋ ಕೇಳಿದ್ದೇವೆ ಅನ್ನಿಸಿತು. ಎಲ್ಲಿ ಎಂದು ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ದನಿ ಅವರದೇ.

ತೊಂಬತ್ತನಾಲ್ಕನೇ ಇಸವಿ. ಫೋರ್ಟ್‌ನ ಒಬ್ಬ ಹಿರಿಯ ವಕೀಲರು ಎರಡು ತಿಂಗಳಲ್ಲಿ ಹತ್ತು ದೂರು ಬರೆಸಿದ್ದರು: ಲೈನಿನಲ್ಲಿ ದನಿ ಕ್ಷೀಣ. ಕೊನೆಗೆ ಡೆಸ್ಕಿನಿಂದ ಅಣವೀರಪ್ಪನವರೇ ಎದ್ದು ಹೋಗಿದ್ದರು. ಉಪಕರಣ ಬದಲಾಯಿಸಿದರು, ಕಿಟಕಿಯಿಂದ ಮೇಜಿನವರೆಗಿನ ವಯರ್ ಬದಲಾಯಿಸಿದರು, ಕೆಳಗೆ ಕ್ಯಾಬಿನೆಟ್ಟಿನಲ್ಲಿ ಬೇರೆ ಜೋಡಿ ತಂತಿ ಕೊಟ್ಟರು. ವಕೀಲರು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಏನೋ ಹೊಳೆದು ರಿಸೀವರನ್ನು ಅವರ ಇನ್ನೊಂದು ಕಿವಿಗೆ ಹಿಡಿಸಿದಾಗ ಮುದುಕರ ಮುಖ ಅರಳಿತು. "ಈಗ ಬಂತು ನೋಡಿ!" ಅಣವೀರಪ್ಪನವರು ಅವರಿಗೆ ಕಿವಿಯ ಮಾತು ಎತ್ತಲಿಲ್ಲ. "ಸರ್, ದೋಷ ಲೈನಿನಲ್ಲೇ ಇತ್ತು, ಸರಿಮಾಡಿದ್ದೇನೆ," ಎಂದು ಹೇಳಿ, ಫೋನನ್ನು ಮೇಜಿನ ಎಡದಿಂದ ಎತ್ತಿ ಬಲಕ್ಕಿಟ್ಟು ಬಂದಿದ್ದರು. ಹನ್ನೊಂದನೇ ದೂರು ಬರಲಿಲ್ಲ. ವಕೀಲರು ಎಕ್ಸ್‌ಚೇಂಜಿಗೆ ಮೆಚ್ಚುಗೆಯ ಪತ್ರ ಬರೆದರು.

ಅಣವೀರಪ್ಪನವರು ಎದ್ದರು. ಕುರ್ಚಿಯನ್ನು ಎತ್ತಿ, ಸದ್ದಾಗದಂತೆ, ಸ್ಪೀಕರುಗಳಿಗೆ ಬೆನ್ನು ಮಾಡಿ ಇಟ್ಟರು. ಮುಖ ಈಗ ಬಾಗಿಲಿಗೆ. ಎಡಗಿವಿ ಇರುವ ಕಡೆ ಈಗ ಬಲದ ಸ್ಪೀಕರ್ ಬಂದಿತ್ತು. ಕೂತು ಕಣ್ಣು ಮುಚ್ಚಿದರು.

ಇಷ್ಟು ತಿಂಗಳು ಗಿಲಿಗಿಲಿ ಎನ್ನುತ್ತಿದ್ದ ಬಲದ ಸ್ಪೀಕರಿನಲ್ಲಿ ತಂಬೂರಿ ಬಟ್ಟೆ ಹೊದ್ದು ಮಲಗಿತ್ತು. ಮಂಕಾಗಿದ್ದ ಎಡದ್ದು ಜೇಂಕರಿಸುತ್ತಿತ್ತು.

"ಈಗ ಬಲ," ಎಂದರು ಗಟ್ಟಿಯಾಗಿ.

ಮುರ್ತುಜಾ ಕಪ್ಪು ಹಿಡಿದುಕೊಂಡೇ ಬಾಗಿಲಿಗೆ ಬಂದ. "ಏನಂದ್ರಿ ಸರ?" ಎಂದವನು ತಿರುಗಿದ ಕುರ್ಚಿ ಕಂಡು ಕಪ್ಪನ್ನು ಮೇಜಿಗಿಟ್ಟ.

"ಮಂಕು ಬಲಕ್ಕ ಬಂತು ಅಂದೆ. ನಿನಗ ಯಾವಾಗ ಗೊತ್ತಾತು? ಸ್ಪೀಕರ್ ಎತ್ತಿ ಇಟ್ಟಾಗೇನು?"

"ಅದರ ಮೊದಲ ಸಂಶಯ ಬಂದಿತ್ರಿ. ನಾಬ್ ನೋಡಿದಾಗ."

"ಮತ್ತ ಹೇಳಲಿಲ್ಲ?"

"ಹೆಂಗ ಹೇಳ್ಲಿ ಸರ? ನಿಮ್ಮ ಮನ್ಯಾಗ ಬಂದು, ನಿಮ್ಮ ಚಹಾ ಕುಡುದು, ನಿಮ್ಮ ಕಿವಿ ಖೊಟ್ಟಿ ಅನ್ಲಿ ಏನ್ರಿ?"

ಅಣವೀರಪ್ಪನವರಿಗೆ ನಗು ಬಂತು. ಅದು ಪೂರ್ತಿ ಹೊರಬರಲಿಲ್ಲ. ಹೆಂಡತಿಯ ಕಡೆ ನೋಡಿದರು. "ನಿನಗೂ ಗೊತ್ತಿತ್ತು."

ರುಕ್ಮಿಣಿಬಾಯಿ ಸೆರಗಿನಿಂದ ಕೈ ಒರೆಸಿಕೊಂಡರು. "ಎರಡು ವರ್ಷಾತು, ಊಟಕ್ಕ ನಿಮ್ಮ ಬಲಕ್ಕ ಕೂಡತೀನಿ. ರಸ್ತೇದಾಗ ಬಲಕ್ಕ ನಡೀತೀನಿ. ಮಲಗೂ ಜಾಗಾನೂ ಬದಲಿ ಮಾಡಿದೆ, ಫ್ಯಾನಿನ ಗಾಳಿ ನೆವ ಹೇಳಿ. ಎಡಕ್ಕ ನಿಂತು ಮಾತಾಡಿದರ ಹಾಂ, ಹಾಂ ಅಂತೀರಿ. ಒಮ್ಮೆ ಡಾಕ್ಟರ್ ಅಂದೆ. ಮೊಬೈಲ್ ಕಂಪನಿ ಸರಿ ಇಲ್ಲ ಅಂದ್ರಿ."

ಕಿಟಕಿಯ ಹೊರಗೆ ರಿಕ್ಷಾ ಹಾರ್ನು ಹೊಡೆಯಿತು. ಅದು ಯಾವ ಕಿವಿಗೆ ಕೇಳಿತು ಎಂದು ಅಣವೀರಪ್ಪನವರು ಯೋಚಿಸಿದರು. ಈ ಯೋಚನೆ ಇನ್ನು ಬಿಡುವುದಿಲ್ಲ ಎಂದೂ ಅನ್ನಿಸಿತು.

ಮುರ್ತುಜಾನೇ ಮಾತು ತೆಗೆದ. "ಸರ, ಇದು ನಾಕ ಗ್ವಾಡಿ ಒಳಗಿನ ಮಾತು. ಬಳಗಕ್ಕ ಯಾಕ ಬೇಕು? 'ವಯರ್ ಟೆಸ್ಟ್ ಮಾಡಿದೆ, ಓಕೆ' ಅಂತ ಒಂದ ಸಾಲ ಬರೀರಿ. ನನಗ ಅಷ್ಟ ಸಾಕು."

"ಸಾಕಾಗೂದಿಲ್ಲ."

"ಯಾಕ್ರಿ?"

"ವಯರ್ ಓಕೆ ಅಂದ್ರ, ಮತ್ತ ಚೀರಿದ್ದು ಯಾಕ ಅಂತ ಕೇಳತಾರ. ಆಂಪ್ಲಿಫೈಯರ್ ಹಳೇದು ಅಂತಾರ, ಮೈಕ್ ಸರಿ ಇಲ್ಲ ಅಂತಾರ. ಸಾಮಾನೆಲ್ಲಾ ನಿಂದು. ಎಲ್ಲಿ ಬೊಟ್ಟು ಮಾಡಿದರೂ ನಿನಗ ಬಡೀತದ." ಅವರು ಕುರ್ಚಿಯನ್ನು ಮತ್ತೆ ಸ್ಪೀಕರುಗಳತ್ತ ತಿರುಗಿಸಿದರು. "ಫಾಲ್ಟ್ ಎಲ್ಲಿ ಐತಿ ಅಂತ ಬರೀದ ದೂರು ಬಂದ್ ಮಾಡಾಕ ಬರೂದಿಲ್ಲ. ನಾ ಹಂಗ ಒಂದೇ ಒಂದ್ ಸಲ ಮಾಡೀನಿ. ಅವತ್ತು ಅದರಿಂದ ಯಾರ ಹೊಟ್ಟಿಗೂ ಹೊಡತ ಬಿದ್ದಿರಲಿಲ್ಲ."

"ಮಿಕ್ಸರ್ ಬಿಡಬೇಕಾಗತದ್ರಿ ನೀವು."

ಅದು ಅವರಿಗೆ ಗೊತ್ತಿತ್ತು. ತಿಂಗಳ ಮೂವತ್ತು ದಿನಗಳಲ್ಲಿ ಅವರು ಕಾಯುತ್ತಿದ್ದುದು ಗಾಯನದ ಆ ದಿನವೊಂದನ್ನೇ. ಉಳಿದ ದಿನ ಅವರು ಎರಡನೇ ಮಹಡಿಯ ನಿವೃತ್ತ ಅಂಕಲ್. ಆ ಒಂದು ಸಂಜೆ ಮಾತ್ರ ನೂರಾರು ಜನ ಅವರ ಬೆರಳಿನ ತುದಿಯಿಂದ ಕೇಳುತ್ತಿದ್ದರು. ಅಣವೀರಪ್ಪನವರು ಮೇಜಿನ ಮೇಲಿನ ಏಳು ತುಂಡುಗಳನ್ನು ಒಟ್ಟುಮಾಡಿ ರಬ್ಬರ್ ಬ್ಯಾಂಡ್ ಹಾಕಿದರು.

ಶುಕ್ರವಾರ ಅವರು ಮಲಾಡ್‌ಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡರು. ಅಳತೆ ಇಲ್ಲದೆ ವರದಿ ಬರೆಯುವುದು ಅವರಿಂದಾಗದ ಕೆಲಸ. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಪೀಪ್ ಎಂಬ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಲಗಿವಿಯ ಸರದಿಯಲ್ಲಿ ಬೆರಳಿಗೆ ಬಿಡುವಿರಲಿಲ್ಲ. ಎಡದ ಸರದಿಯಲ್ಲಿ ಸುಮ್ಮನೆ ಕೂತಿರುವುದೇ ಹೆಚ್ಚಾಯಿತು. ಗಾಜಿನಾಚೆಯ ಹುಡುಗಿ ಏನನ್ನೋ ತಿರುಗಿಸುತ್ತಲೇ ಇದ್ದಾಳೆ, ಇವರಿಗೇನೂ ಕೇಳುತ್ತಿಲ್ಲ. ಆಮೇಲೆ ಕೈಗೆ ಬಂದ ಕಾಗದದಲ್ಲಿ ಎರಡು ಗೆರೆ. ಎಡದ್ದು ಎರಡು ಸಾವಿರ ಹರ್ಟ್ಸ್ ದಾಟಿದ ಮೇಲೆ ಜಾರಿತ್ತು. ನಾಲ್ಕು ಸಾವಿರದ ಬಳಿ ಐವತ್ತೈದು ಡೆಸಿಬೆಲ್ ನಷ್ಟ. ಬಲಕ್ಕೆ ಅಲ್ಲಿ ಇಪ್ಪತ್ತೈದು, ವಯಸ್ಸಿಗೆ ಸರಿಯಾಗಿ. ಲೈನಿನ ನಷ್ಟವನ್ನೂ ಅವರು ಇದೇ ಡೆಸಿಬೆಲ್‌ನಲ್ಲಿ ಇಪ್ಪತ್ತೆಂಟು ವರ್ಷ ಅಳೆದಿದ್ದರು.

"ಯಾವ ಕೆಲಸದಲ್ಲಿದ್ದಿರಿ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಹೆಡ್‌ಸೆಟ್ ಯಾವ ಕಿವಿಗೆ ಎಂದೂ ಕೇಳಿದರು. ಉತ್ತರ ಬರೆದುಕೊಂಡು, ಅದೊಂದೇ ಕಾರಣ ಎಂದು ಈಗಲೇ ಹೇಳಲಾಗದು, ಒಂದೇ ಕಿವಿ ಹೀಗಾದಾಗ ಇನ್ನೊಂದು ಪರೀಕ್ಷೆ ಮಾಡಿಯೇ ನೋಡಬೇಕು, ಶ್ರವಣ ಯಂತ್ರದ ಮಾತು ಆಮೇಲೆ ಎಂದರು. ತೀರ್ಮಾನಕ್ಕೆ ಅವಸರ ಮಾಡದ ಆ ಡಾಕ್ಟರು ಅಣವೀರಪ್ಪನವರಿಗೆ ಹಿಡಿಸಿದರು.

ಶನಿವಾರ ಸಂಜೆ ಆರಕ್ಕೆ ಶಾಲೆಯ ಒಂದು ತರಗತಿಯಲ್ಲಿ ಕಮಿಟಿ ಸೇರಿತು. ಮಕ್ಕಳ ಬೆಂಚುಗಳಲ್ಲಿ ಒಂಬತ್ತು ಜನ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಅಣವೀರಪ್ಪನವರು ಎಡತುದಿಯ ಬೆಂಚು ಹಿಡಿದರು. ಅಲ್ಲಿ ಕೂತರೆ ಎಲ್ಲರೂ ಬಲಕ್ಕೆ ಬರುತ್ತಿದ್ದರು. ಮುರ್ತುಜಾನನ್ನು ಹೊರಗೆ ವರಾಂಡದಲ್ಲಿ ಕೂರಿಸಿದ್ದರು. ಚೆನ್ನಯ ಕಾಗದ ಬಿಚ್ಚಿ, ಗಂಟಲು ಸರಿಮಾಡಿಕೊಂಡು ಓದಿದರು:

"ಎಡ ಮತ್ತು ಬಲ ಕೇಬಲ್: ಹದಿನಾಲ್ಕು ಗೇಜ್, ಅಪ್ಪಟ ತಾಮ್ರ, ಎರಡರ ಅಳತೆಯೂ ಒಂದೇ. ಟೆಸ್ಟ್ ಓಕೆ. ದೋಷವಿರುವ ಜಾಗ: ಮಿಕ್ಸರ್ ಮುಂದೆ ಕುಳಿತವನ ಎಡಗಿವಿ. ಅಳತೆ ಲಗತ್ತಿಸಿದೆ. ಕೆರೆದು ನೋಡದೆ ವಯರನ್ನು ಖೊಟ್ಟಿ ಎಂದದ್ದು ನನ್ನ ತಪ್ಪು. ಅಣವೀರಪ್ಪ."

ಓದುವಾಗ ಇದ್ದ ಗತ್ತು ಮೂರನೆಯ ವಾಕ್ಯಕ್ಕೇ ಇಳಿದಿತ್ತು. ಚೆನ್ನಯ ಹಿಂದೆ ಪಿನ್ನು ಹೊಡೆದಿದ್ದ ಗೆರೆಗಳ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಂತ ಮಾರಾಯ್ರೆ ಇದು? ಇದನ್ನು ನಾನು ಮಿನಿಟ್ಸ್‌ನಲ್ಲಿ ಬರೆಯಬೇಕಾ?"

"ಬರೀರಿ. ಎಲ್ಲರ ಎದುರು ಅಂದಿದ್ದೆ, ಎಲ್ಲರ ಎದುರೇ ವಾಪಸ್ ತಗೋಬೇಕು."

ಯಾರೋ ಕೆಮ್ಮಿದರು. ಭುವನೇಶ್ವರಿಯ ತಂದೆ ಶರಣಬಸಪ್ಪ ಅಲ್ಲೇ ಇದ್ದರು. ಅವರ ಕಡೆ ತಿರುಗಿ ಅಣವೀರಪ್ಪನವರು, "ಹುಡುಗಿಗೆ ಹೇಳ್ರಿ, ಆಕೀ ಕೊರಳ ತಪ್ಪಲ್ಲ, ಮೈಕಿನ ತಪ್ಪಲ್ಲ. ಮುಂದಿನ ಸಲ ಅದೇ ವಚನಾನೇ ಹಾಡ್ಲಿ," ಎಂದರು.

"ಹಾಡತಾಳ ತಗೋರಿ," ಎಂದರು ಶರಣಬಸಪ್ಪ. "ಆಕೀನೂ ತಿಂಗಳಿಂದ ಒಂದ ಮಾತ ಕೇಳಾಕತ್ತಾಳ, ನಾ ಏನ್ ತಪ್ಪ ಹಾಡಿದ್ನಿ ಅಂತ."

ಇದನ್ನು ಅಣವೀರಪ್ಪನವರು ಎಣಿಸಿರಲಿಲ್ಲ.

ಸೌಂಡ್ ಮುರ್ತುಜಾನಿಗೇ ಎಂದು ತೀರ್ಮಾನವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಚೆನ್ನಯ ಪೆನ್ನಿನ ಹಿಂಭಾಗದಿಂದ ತಲೆ ಕೆರೆದುಕೊಂಡರು. "ಅದಾಯಿತು. ಆದರೆ ಮಿಕ್ಸರ್ ಹತ್ರ ಇನ್ನು ಯಾರು? ನಿಮಗೆ ಒಂದು ಕಿವಿ ಸರಿ ಉಂಟಲ್ಲ? ನಮ್ಮಲ್ಲಿ ಎರಡೂ ಕಿವಿ ಇದ್ದವರಿಗೆ ಶ್ರುತಿ ಗೊತ್ತಿಲ್ಲ."

ಎಲ್ಲರೂ ನಕ್ಕರು. ಒಂದು ಕ್ಷಣ ಅಣವೀರಪ್ಪನವರ ಮನಸ್ಸು ಹೊಯ್ದಾಡಿತು. ಹೂಂ ಅಂದರೆ ಸಾಕಿತ್ತು.

"ಮುರ್ತುಜಾ ಕೂಡ್ಲಿ," ಎಂದರು. "ಮೂರು ಸಲ ವಯರ್ ತಿರುವಿ ಹಾಕಿ ನನ್ನ ರೋಗ ಹಿಡಿದಾಂವ ಅಂವ. ಹಾರ್ಮೋನಿಯಂ ಎಷ್ಟಿರಬೇಕು, ಕೊರಳು ಎಷ್ಟಿರಬೇಕು ಅಂತ ಎರಡು ತಿಂಗಳು ಬಾಜೂಕ ಕೂತು ಹೇಳಿಕೊಡತೀನಿ. ಗುಂಡಿ ಮ್ಯಾಲ ಕೈ ಅವಂದೇ ಇರಲಿ."

ವರಾಂಡದಿಂದ ಅವನನ್ನು ಒಳಗೆ ಕರೆದರು. ವಿಷಯ ಕೇಳಿ ಮುರ್ತುಜಾ ತಲೆ ಕೊಡವಿದ. "ನನ್ನಿಂದ ಆಗೂದಿಲ್ರಿ ಸರ. ರಾಗ ಅಂದ್ರೇನು ಅಂತ ಗೊತ್ತಿಲ್ಲ."

"ರಾಗ ನಾ ಕೇಳತೀನಿ. ನೀ ಎಡ-ಬಲ ನೋಡ್ಕೋ."

"ಎಡಕ್ಕ ಕೂಡತೀರೋ ಬಲಕ್ಕೋ?"

"ನೀ ನನ್ನ ಬಲಕ್ಕ ಕೂಡು. ಬೈದರ ಕೇಳಬೇಕು ನನಗ."

ಮನೆಗೆ ಬಂದಾಗ ಏಳೂವರೆ. ರುಕ್ಮಿಣಿಬಾಯಿ ಏನಾಯಿತೆಂದು ಕೇಳಿದರು, ಅವರ ಬಲಕ್ಕೆ ಬಂದು. ಅಣವೀರಪ್ಪನವರು ಹೇಳಿದರು. ರಬ್ಬರ್ ಬ್ಯಾಂಡ್ ಹಾಕಿದ ಏಳು ತುಂಡುಗಳನ್ನು ಕಪಾಟಿನ ಮೇಲಿನ ಖಾನೆಗೆ ಹಾಕಿದರು. ಆಂಪ್ಲಿಫೈಯರಿಗೆ ಹತ್ತು ವರ್ಷದ ಹಳೆಯ ಹದಿನಾರು ಗೇಜಿನ ಕೇಬಲ್ಲೇ ಇತ್ತು. ನಾಲ್ಕು ಮೀಟರಿನ ದೂರಕ್ಕೆ ಅದು ಧಾರಾಳವಾಗಿ ಸಾಕು.

ಗಾಯನ ಹಚ್ಚಿದರು. ಅಭ್ಯಾಸಬಲದಿಂದ ಬೆರಳು ಬ್ಯಾಲೆನ್ಸ್ ನಾಬಿಗೆ ಹೋಯಿತು, ಎಡಕ್ಕೆ ಒಂಚೂರು ತಿರುಗಿತು.

"ಅಯ್ಯ, ಮತ್ತ ಆ ಮೂಲ್ಯಾಗ ಒದರಾಕ ಹಚ್ಚಬ್ಯಾಡ್ರಿ," ಎಂದರು ರುಕ್ಮಿಣಿಬಾಯಿ. "ವರ್ಷಾತು, ಅದಕ್ಕೇ ನಾ ಅಡಿಗೀಮನಿ ಬಿಟ್ಟು ಬರತಿದ್ದಿಲ್ಲ."

ಅಣವೀರಪ್ಪನವರ ಬೆರಳು ನಿಂತಿತು. ನಾಬನ್ನು ಹನ್ನೆರಡಕ್ಕೆ ತಂದರು. ಗಾಯಕ ಅವರ ಮಟ್ಟಿಗೆ ಬಲಕ್ಕೆ ಸರಿದೇ ಕೂತಿದ್ದ. ಇನ್ನು ಅಲ್ಲೇ ಕೂರುವವನು.

"ಈಗ?" ಎಂದು ಕೇಳಿದರು.

ರುಕ್ಮಿಣಿಬಾಯಿ ಮೇಜಿನ ಬಳಿಯ ಇನ್ನೊಂದು ಕುರ್ಚಿಯನ್ನು ಎಳೆದು ತಂದು, ಬೆತ್ತದ ಕುರ್ಚಿಯ ಬಲಕ್ಕೆ ಹಾಕಿಕೊಂಡು ಕೂತು, ತುಸು ಹೊತ್ತು ಕೇಳಿದರು.

"ಈಗ ನಟ್ಟನಡುವ ಬಂತು," ಎಂದರು.